ಚಟ ಬಿಡಿಸುವ ಕ್ಲಿನಿಕ್ ಬಾಗಿಲು ಹಾಕಿದರೆ ಮಾತ್ರೆ ಎಲ್ಲಿ ಸಿಗುತ್ತೆ? ರೋಗಿ, ಮನೆಯವರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ

ಬಳ್ಳಾರಿ: ಬಿಪಿ, ಶುಗರ್‌ಗೆ ತೋರಿಸಿಕೊಳ್ಳುವ ಕ್ಲಿನಿಕ್ ಮುಚ್ಚಿದರೆ ಯಾರೂ ಅಷ್ಟು ಗಾಬರಿ ಆಗಲ್ಲ. ಹಳೇ ಚೀಟಿ ತೋರಿಸಿದರೆ ಬೀದಿ ಕೊನೆಯ ಮೆಡಿಕಲ್ ಶಾಪ್‌ನಲ್ಲಿ ಅದೇ ಮಾತ್ರೆ ಸಿಗುತ್ತೆ. ವಾರ ಬಿಟ್ಟು ಬೇರೆ ಡಾಕ್ಟರ್ ಹತ್ತಿರ ಹೋದರಾಯ್ತು.

ಆದರೆ ಹೆರಾಯಿನ್, ಬ್ರೌನ್ ಶುಗರ್ ಅಥವಾ ನೋವಿನ ಮಾತ್ರೆಯ ಚಟದಿಂದ ಹೊರಬರಲು ಚಿಕಿತ್ಸೆ ಪಡೆಯುತ್ತಿರುವವರ ಕತೆ ಬೇರೆ. ಅವರು ದಿನಾ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಬ್ಯುಪ್ರೆನಾರ್ಫಿನ್ ಮಾತ್ರೆ ಸಾಮಾನ್ಯ ಮೆಡಿಕಲ್ ಶಾಪ್‌ನಲ್ಲಿ ಸಿಗುವುದಿಲ್ಲ. ಚಿಕಿತ್ಸೆ ಕೊಡುವ ಕೇಂದ್ರದಲ್ಲೇ ಸಿಗಬೇಕು. ಹಾಗಾಗಿ ಕ್ಲಿನಿಕ್ ಶಟರ್ ಎಳೆದ ದಿನವೇ ಮಾತ್ರೆಯೂ ನಿಂತ ಹಾಗೆ. ಒಂದೆರಡು ದಿನ ಕಳೆದರೆ ಮೈಕೈ ನೋವು ಶುರುವಾಗುತ್ತೆ. ಅದನ್ನು ತಡೆದುಕೊಳ್ಳಲಾಗದೆ ಹಳೇ ಗೆಳೆಯರ ಕಡೆ ಕಾಲು ಎಳೆಯುತ್ತೆ. ತಿಂಗಳುಗಟ್ಟಲೆ ಕಷ್ಟಪಟ್ಟಿದ್ದು ಒಂದೇ ವಾರದಲ್ಲಿ ಹಾಳಾಗಬಹುದು, ಜೀವವೂ ಹೋಗಬಹುದು.

ಕ್ಲಿನಿಕ್ ಮುಚ್ಚಲು ಕಾರಣ ನೂರಿರಬಹುದು. ಡಾಕ್ಟರ್ ನಿವೃತ್ತಿ, ವರ್ಗಾವಣೆ, ಸಾವು, ಬಾಡಿಗೆ ತಕರಾರು, ಅನುದಾನ ನಿಂತಿದ್ದು, ಲೈಸೆನ್ಸ್ ನವೀಕರಣ ಆಗದೇ ಇದ್ದಿದ್ದು. ಕಾರಣ ಏನೇ ಇರಲಿ, ಚಿಕಿತ್ಸೆ ನಿಲ್ಲದಂತೆ ನೋಡಿಕೊಳ್ಳಲು ದಾರಿ ಇದೆ. ಆ ದಾರಿ ಯಾವುದು, ಕಾನೂನು ಏನು ಹೇಳುತ್ತೆ, ಯಾರನ್ನು ಕೇಳಬೇಕು ಎಂಬ ವಿವರ ಇಲ್ಲಿದೆ.

ಏನಿದು ಈ ಮಾತ್ರೆ?

ಅಫೀಮು, ಹೆರಾಯಿನ್, ಮಾರ್ಫಿನ್, ಕೆಮ್ಮಿನ ಸಿರಪ್‌ನಲ್ಲಿರುವ ಕೋಡೀನ್, ನೋವಿಗೆ ಕೊಡುವ ಟ್ರಮಡಾಲ್, ಟ್ಯಾಪೆಂಟಡಾಲ್ ಎಲ್ಲವೂ ಒಂದೇ ಜಾತಿಯವು. ಇವನ್ನು ಓಪಿಯಾಯ್ಡ್ ಎನ್ನುತ್ತಾರೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಯಾವುದಾದರೂ ಒಂದು ಓಪಿಯಾಯ್ಡ್ ಬಳಸುತ್ತಾರೆ.

ಬ್ಯುಪ್ರೆನಾರ್ಫಿನ್ ಕೂಡ ಇದೇ ಜಾತಿಯ ಔಷಧ. ಆದರೆ ಒಂದು ವ್ಯತ್ಯಾಸ ಇದೆ. ಮೆದುಳಿನಲ್ಲಿ ಹೆರಾಯಿನ್ ಕೂರುವ ಜಾಗದಲ್ಲೇ ಇದೂ ಕೂರುತ್ತೆ, ಆದರೆ ಅರ್ಧಂಬರ್ಧ ಕೆಲಸ ಮಾಡುತ್ತೆ. ಆಸೆ ಅಡಗುತ್ತೆ, ಮೈಕೈ ನೋವು ಬರಲ್ಲ, ನಶೆ ಏರಲ್ಲ. ಒಂದು ಮಿತಿ ದಾಟಿದ ಮೇಲೆ ಡೋಸ್ ಏರಿಸಿದರೂ ಪರಿಣಾಮ ಹೆಚ್ಚಾಗಲ್ಲ. ಪರಿಣಾಮ ನಿಧಾನವಾಗಿ ಇಳಿಯುವುದರಿಂದ ದಿನಕ್ಕೆ ಒಂದು ಸಲ ತಗೊಂಡರೆ ಸಾಕು. ಚುಚ್ಚಿಕೊಂಡು ದುರುಪಯೋಗ ಮಾಡದಿರಲಿ ಅಂತ ಇದರ ಜೊತೆ ನಲೋಕ್ಸೋನ್ ಬೆರೆಸಿದ ಮಾತ್ರೆಯೂ ಇದೆ.

‘ಒಂದು ಚಟ ಬಿಡಿಸಿ ಇನ್ನೊಂದು ಚಟ ಹತ್ತಿಸ್ತಾರೆ’ ಎಂಬ ಮಾತು ಮನೆಗಳಲ್ಲಿ ಕೇಳಿಬರುತ್ತೆ. ಇದು ತಪ್ಪು ತಿಳಿವಳಿಕೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಬ್ಯುಪ್ರೆನಾರ್ಫಿನ್ ಮತ್ತು ಮೆಥಡೋನ್ ಔಷಧಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಶುಗರ್ ಇದ್ದವರು ಇನ್ಸುಲಿನ್ ತಗೊಂಡ ಹಾಗೆ, ಇದು ದೀರ್ಘಕಾಲದ ಚಿಕಿತ್ಸೆ. ಯಾವಾಗ ಕಡಿಮೆ ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ವೈದ್ಯರು, ರೋಗಿ ಕೂತು ಮಾತಾಡಿ ತೀರ್ಮಾನ ಮಾಡಬೇಕು. ಕ್ಲಿನಿಕ್‌ಗೆ ಬೀಗ ಬಿತ್ತು ಅನ್ನೋದು ಚಿಕಿತ್ಸೆ ನಿಲ್ಲಿಸಲು ಕಾರಣ ಆಗಬಾರದು.

ಮೆಡಿಕಲ್ ಶಾಪ್‌ನಲ್ಲಿ ಯಾಕೆ ಇಲ್ಲ?

ಎನ್‌ಡಿಪಿಎಸ್ ಕಾಯ್ದೆಯಡಿ ಬ್ಯುಪ್ರೆನಾರ್ಫಿನ್ ನಿಯಂತ್ರಿತ ಔಷಧ. ಔಷಧ ನಿಯಮಗಳ ಎಚ್1 ಪಟ್ಟಿಯಲ್ಲೂ ಇದೆ. ಅಂದರೆ ಯಾರು ಬರೆದರು, ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು ಅಂತ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಇದಕ್ಕಿಂತ ದೊಡ್ಡ ನಿರ್ಬಂಧ ಇನ್ನೊಂದಿದೆ. ಚಟ ಬಿಡಿಸಲು ಕೊಡುವ ಈ ಮಾತ್ರೆಗಳನ್ನು ಸರ್ಕಾರದ ವ್ಯಸನಮುಕ್ತಿ ಚಿಕಿತ್ಸಾ ಕೇಂದ್ರಗಳು ಮತ್ತು ಆ ಸೌಲಭ್ಯ ಇರುವ ಆಸ್ಪತ್ರೆಗಳಿಗೆ ಮಾತ್ರ ಪೂರೈಸಬೇಕು ಎಂಬ ಷರತ್ತಿನ ಮೇಲೆ ದೇಶದಲ್ಲಿ ಅನುಮತಿ ಕೊಡಲಾಗಿದೆ.

ಕಾಳಸಂತೆಗೆ ಹೋಗದಿರಲಿ ಎಂಬುದು ಇದರ ಉದ್ದೇಶ. ಆದರೆ ಇದರಿಂದಲೇ ರೋಗಿಗೆ ಒಂದೇ ಬಾಗಿಲು ಉಳಿಯುತ್ತೆ. ಆ ಬಾಗಿಲು ಮುಚ್ಚಿದರೆ ಚೀಟಿ ಕೈಯಲ್ಲಿದ್ದರೂ ಮಾತ್ರೆ ಸಿಗಲ್ಲ.

ದಿಢೀರ್ ನಿಂತರೆ ಏನಾಗುತ್ತೆ?

ಕೊನೆಯ ಮಾತ್ರೆ ತಗೊಂಡ ಒಂದರಿಂದ ಮೂರು ದಿನದೊಳಗೆ ಲಕ್ಷಣ ಕಾಣುತ್ತೆ. ಮೂಗು, ಕಣ್ಣಲ್ಲಿ ನೀರು, ಪದೇ ಪದೇ ಆಕಳಿಕೆ, ಬೆವರು, ಮೈ ಜುಮ್ಮೆನ್ನುವುದು, ಹೊಟ್ಟೆ ಕಿವುಚುವುದು, ಭೇದಿ, ಕಾಲು ಸೆಳೆತ, ರಾತ್ರಿ ನಿದ್ದೆ ಇಲ್ಲ. ನೋಡುವವರಿಗೆ ಜ್ವರ ಬಂದ ಹಾಗೆ ಕಾಣುತ್ತೆ. ಅನುಭವಿಸುವವನಿಗೆ ಅದು ನರಕ.

ಈ ನೋವು ಅಪರೂಪಕ್ಕೆ ಮಾತ್ರ ಜೀವ ತೆಗೆಯುತ್ತೆ. ಜೀವ ತೆಗೆಯುವುದು ಅದರ ನಂತರದ ಹೆಜ್ಜೆ. ಚಿಕಿತ್ಸೆಯಲ್ಲಿದ್ದಷ್ಟು ದಿನ ದೇಹಕ್ಕೆ ಹಳೇ ಪ್ರಮಾಣದ ಹೆರಾಯಿನ್ ತಡೆಯುವ ಶಕ್ತಿ ಕಡಿಮೆ ಆಗಿರುತ್ತೆ. ಮಾತ್ರೆ ಸಿಗದೆ ಮತ್ತೆ ಹಳೇ ದಾರಿ ಹಿಡಿದವನು ‘ಮೊದಲು ಇಷ್ಟು ತಗೋತಿದ್ದೆ’ ಅಂತ ಅಷ್ಟೇ ತಗೊಂಡರೆ ಉಸಿರಾಟವೇ ನಿಲ್ಲಬಹುದು.

2017ರಲ್ಲಿ ಬ್ರಿಟನ್‌ನ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಹಲವು ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಬ್ಯುಪ್ರೆನಾರ್ಫಿನ್ ಚಿಕಿತ್ಸೆಯಲ್ಲಿ ಇದ್ದವರಲ್ಲಿ ವರ್ಷಕ್ಕೆ ಸಾವಿರಕ್ಕೆ 4.3 ಸಾವು, ಚಿಕಿತ್ಸೆ ಬಿಟ್ಟವರಲ್ಲಿ 9.5. ಮೆಥಡೋನ್ ಚಿಕಿತ್ಸೆಯಲ್ಲಿ ಇದ್ದವರಲ್ಲಿ 11.3, ಬಿಟ್ಟವರಲ್ಲಿ 36.1. ಮೆಥಡೋನ್ ಬಿಟ್ಟ ಮೊದಲ ನಾಲ್ಕು ವಾರಗಳಲ್ಲಂತೂ ಅಪಾಯ ಹೆಚ್ಚು.

ಒಂದು ಊರಿನ ಕ್ಲಿನಿಕ್ ಅಲ್ಲ, ಇಡೀ ಪ್ರದೇಶದ ಚಿಕಿತ್ಸೆಯೇ ನಿಂತರೆ ಏನಾಗುತ್ತೆ ಎಂಬುದಕ್ಕೂ ಉದಾಹರಣೆ ಇದೆ. 2014ರಲ್ಲಿ ಉಕ್ರೇನ್‌ನ ಕ್ರಿಮಿಯಾವನ್ನು ರಷ್ಯಾ ವಶಪಡಿಸಿಕೊಂಡಿತು. ರಷ್ಯಾದ ಕಾನೂನಿನಲ್ಲಿ ಮೆಥಡೋನ್ ಚಿಕಿತ್ಸೆಗೆ ಅವಕಾಶ ಇಲ್ಲ. ಕೆಲವೇ ವಾರಗಳಲ್ಲಿ ಅಲ್ಲಿನ ಕೇಂದ್ರಗಳು ಬಂದ್ ಆದವು, ಸುಮಾರು 800 ಜನರ ಚಿಕಿತ್ಸೆ ನಿಂತಿತು. ಅವರಲ್ಲಿ ಹತ್ತಾರು ಜನ ಸತ್ತಿದ್ದಾರೆ, ಬಹುತೇಕ ಓವರ್‌ಡೋಸ್ ಮತ್ತು ಆತ್ಮಹತ್ಯೆಯಿಂದ ಎಂದು ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ಮರುವರ್ಷ ಹೇಳಿದರು.

ಮುಚ್ಚುವವರಿಗೂ ಜವಾಬ್ದಾರಿ ಇದೆ

‘ಕ್ಲಿನಿಕ್ ಅವರದು, ಮುಚ್ಚೋದು ಅವರ ಇಷ್ಟ’ ಅಂತ ಸುಮ್ಮನೆ ವಾಪಸ್ ಬರುವ ಅಗತ್ಯ ಇಲ್ಲ. ಕಾನೂನು, ನಿಯಮಗಳು ಮೂರು ಮಾತು ಹೇಳುತ್ತವೆ.

ಒಂದು, 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡವಳಿಕೆ ನಿಯಮಗಳು. ಒಬ್ಬ ರೋಗಿಯ ಚಿಕಿತ್ಸೆ ಕೈಗೆತ್ತಿಕೊಂಡ ವೈದ್ಯರು ರೋಗಿಗೂ ಮನೆಯವರಿಗೂ ಸಾಕಷ್ಟು ಮುಂಚೆ ತಿಳಿಸದೆ ಕೈಬಿಡುವಂತಿಲ್ಲ. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು.

ಎರಡು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರನ್ನು ಬಿಡುಗಡೆ ಮಾಡುವಾಗ, ಬೇರೆ ಸಂಸ್ಥೆಗೆ ಕಳಿಸುವಾಗ ಅಥವಾ ಹೊಸ ಮನೋವೈದ್ಯರು ಜವಾಬ್ದಾರಿ ವಹಿಸಿಕೊಳ್ಳುವಾಗ ಮುಂದಿನ ಚಿಕಿತ್ಸೆ ಹೇಗೆ ಎಂಬ ಯೋಜನೆ ಮಾಡಬೇಕು ಎನ್ನುತ್ತದೆ ಕಾಯ್ದೆಯ 98ನೇ ಸೆಕ್ಷನ್. ರೋಗಿ, ಮನೆಯವರು, ಮುಂದೆ ನೋಡುವ ವೈದ್ಯರು ಎಲ್ಲರ ಜೊತೆ ಮಾತಾಡಿ ಇದನ್ನು ಮಾಡಬೇಕಾದವರು ಈಗ ನೋಡುತ್ತಿರುವ ಮನೋವೈದ್ಯರೇ.

ಮೂರು, ಇದೇ ಕಾಯ್ದೆಯ ಗೋಪ್ಯತೆಯ ಹಕ್ಕು. ಕ್ಲಿನಿಕ್ ಮುಚ್ಚುತ್ತಿದೆ ಎಂದು ರೋಗಿಗಳ ಹೆಸರಿನ ಪಟ್ಟಿ ಗೋಡೆಗೆ ಅಂಟಿಸುವುದು, ಎಲ್ಲರನ್ನೂ ಒಂದೇ ವಾಟ್ಸಾಪ್ ಗ್ರೂಪ್‌ಗೆ ಸೇರಿಸಿ ಮೆಸೇಜ್ ಹಾಕುವುದು ಸರಿಯಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿ ತಿಳಿಸಬೇಕು.

ರಾಜ್ಯದ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳು ಕೆಪಿಎಂಇ ಕಾಯ್ದೆಯಡಿ ನೋಂದಣಿ ಆಗಿರಬೇಕು. ಜಿಲ್ಲಾ ಮಟ್ಟದ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ದಾಖಲೆ ಕೊಡದೆ ಸತಾಯಿಸಿದರೆ ಡಿಎಚ್‌ಒ ಕಚೇರಿಗೆ ಲಿಖಿತ ದೂರು ಕೊಡಬಹುದು. ದೂರಿನ ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳುವುದು ಮರೆಯಬಾರದು.

ಕೇಳಿ ಪಡೆಯಬೇಕಾದ ಕಾಗದ

ಕ್ಲಿನಿಕ್ ಮುಚ್ಚುತ್ತೆ ಅಂತ ಗೊತ್ತಾದ ದಿನವೇ ಈ ವಿವರ ಇರುವ ಪತ್ರ ಕೇಳಬೇಕು. ಹೊಸ ವೈದ್ಯರು ಮೊದಲು ಕೇಳುವುದೇ ಇದನ್ನು.

* ಯಾವ ಮಾದಕದ ಚಟ ಇತ್ತು, ಚಿಕಿತ್ಸೆ ಯಾವಾಗ ಶುರುವಾಯ್ತು
* ಮಾತ್ರೆ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು
* ಕೊನೆಯ ಡೋಸ್ ಕೊಟ್ಟ ತಾರೀಕು, ಮನೆಗೆ ಕೊಟ್ಟ ಮಾತ್ರೆಗಳ ಲೆಕ್ಕ
* ಬೇರೆ ಕಾಯಿಲೆ, ಬೇರೆ ಮಾತ್ರೆಗಳ ವಿವರ. ಎಚ್‌ಐವಿ, ಟಿಬಿ, ಕಾಮಾಲೆ ಚಿಕಿತ್ಸೆ ನಡೆಯುತ್ತಿದ್ದರೆ ಅದೂ
* ಇತ್ತೀಚಿನ ಮೂತ್ರ, ರಕ್ತ ಪರೀಕ್ಷೆ ವರದಿ
* ವೈದ್ಯರ ಸಹಿ, ಸೀಲು, ನೋಂದಣಿ ಸಂಖ್ಯೆ

ಎಲ್ಲವನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಒಳ್ಳೇದು. ಕ್ಲಿನಿಕ್ ಆಗಲೇ ಮುಚ್ಚಿದ್ದರೆ ಹಳೇ ಚೀಟಿ, ಖಾಲಿ ಸ್ಟ್ರಿಪ್, ಬಿಲ್ಲು ಏನಿದ್ದರೂ ಎತ್ತಿಟ್ಟುಕೊಳ್ಳಬೇಕು. ಖಾಲಿ ಸ್ಟ್ರಿಪ್ ನೋಡಿಯೂ ಡಾಕ್ಟರ್‌ಗೆ ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ ಅಂತ ಗೊತ್ತಾಗುತ್ತೆ.

ಮುಂದೆ ಎಲ್ಲಿಗೆ ಹೋಗಬೇಕು?

ಮೊದಲ ಹೆಜ್ಜೆ ಹತ್ತಿರದ ಸರ್ಕಾರಿ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಯನ್ನೂ ಕೇಳಬಹುದು. ಈ ಕಾರ್ಯಕ್ರಮದ ಬೇರು ನಮ್ಮ ಜಿಲ್ಲೆಯಲ್ಲೇ ಇದೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ದೇಶದ ಕಾರ್ಯಕ್ರಮ ಆಯಿತು. ಸಂಡೂರು, ಸಿರುಗುಪ್ಪ, ಕಂಪ್ಲಿ, ಕುರುಗೋಡು ಕಡೆಯವರು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು ಅಂತ ವಿಚಾರಿಸಿಕೊಂಡರೆ ಓಡಾಟ ಉಳಿಯುತ್ತೆ.

ಎರಡನೆಯದು ಒಎಸ್‌ಟಿ ಕೇಂದ್ರಗಳು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೊ ನಡೆಸುವ ಈ ಕೇಂದ್ರಗಳಲ್ಲಿ ಮಾದಕ ಚುಚ್ಚಿಕೊಳ್ಳುತ್ತಿದ್ದವರಿಗೆ ಮಾತ್ರೆ ಉಚಿತ. ಎಲ್ಲ ಜಿಲ್ಲೆಗಳಲ್ಲೂ ಇಲ್ಲ. ಹತ್ತಿರದ ಕೇಂದ್ರ ಯಾವುದು ಎಂಬುದನ್ನು 1097 ಸಹಾಯವಾಣಿಯಲ್ಲಿ ಕೇಳಬಹುದು.

ಮೂರನೆಯದು ದೊಡ್ಡ ಸಂಸ್ಥೆಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬರುವುದು ಒಂದು ಸಲಕ್ಕೆ ಸರಿ. ಕೂಲಿ ಕೆಲಸದವರಿಗೆ, ಲಾರಿ ಓಡಿಸುವವರಿಗೆ ವಾರ ವಾರ ಆಗದ ಮಾತು. ಹಾಗಾಗಿ ಅಲ್ಲಿ ತೋರಿಸಿದಾಗಲೇ ‘ಮುಂದಿನ ಚಿಕಿತ್ಸೆ ನಮ್ಮ ಜಿಲ್ಲೆಯಲ್ಲೇ ಸಿಗುವ ಹಾಗೆ ಬರೆದುಕೊಡಿ’ ಅಂತ ಕೇಳಬೇಕು.

ಎಲ್ಲಿಗೆ ಹೋಗುವ ಮುಂಚೆಯೂ ಫೋನ್ ಮಾಡಿ ಎರಡು ಪ್ರಶ್ನೆ ಕೇಳಬೇಕು. ಬ್ಯುಪ್ರೆನಾರ್ಫಿನ್ ದಾಸ್ತಾನು ಇದೆಯಾ? ಹೊಸ ರೋಗಿಯನ್ನು ಯಾವ ದಿನ ನೋಡುತ್ತೀರಿ? ಇದನ್ನು ಕೇಳದೆ ಹೋಗಿ ಬರಿಗೈಲಿ ವಾಪಸ್ ಬಂದರೆ ಎರಡು ದಿನ ವ್ಯರ್ಥ. ಇಂಥ ಹೊತ್ತಲ್ಲಿ ಎರಡು ದಿನ ಅಂದರೆ ಬಹಳ.

ಯಾವುದೂ ತಿಳಿಯದಿದ್ದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಶುರುವಾದ ಈ ಸೇವೆ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ರಿಹ್ಯಾಬ್ ಸೆಂಟರ್ ಬೇರೆ, ಈ ಚಿಕಿತ್ಸೆ ಬೇರೆ

ಕ್ಲಿನಿಕ್ ಮುಚ್ಚಿದಾಗ ಮನೆಯವರು ದಿಕ್ಕು ತೋಚದೆ ಹುಡುಗನನ್ನು ಯಾವುದೋ ರಿಹ್ಯಾಬ್ ಸೆಂಟರ್‌ಗೆ ಸೇರಿಸಿಬಿಡುವುದುಂಟು. ವಸತಿ ಕೇಂದ್ರಗಳಲ್ಲಿ ಹಲವು ಕಡೆ ಈ ಮಾತ್ರೆ ಕೊಡುವುದೇ ಇಲ್ಲ. ಆಪ್ತ ಸಮಾಲೋಚನೆ, ಯೋಗ, ದಿನಚರಿ ಇರುತ್ತೆ. ಅದು ತಪ್ಪಲ್ಲ. ಆದರೆ ಮಾತ್ರೆ ಮೇಲೆ ಚೆನ್ನಾಗಿದ್ದವನಿಗೆ ಅದನ್ನು ಕಿತ್ತುಕೊಂಡು ಎರಡು ಮೂರು ತಿಂಗಳು ಒಳಗಿಟ್ಟು ಹೊರಗೆ ಬಿಟ್ಟರೆ, ಮೇಲೆ ಹೇಳಿದ ಓವರ್‌ಡೋಸ್ ಅಪಾಯ ಅಲ್ಲೇ ಕಾದಿರುತ್ತೆ. ಸೇರಿಸುವ ಮುಂಚೆ ಮೂರು ವಿಷಯ ಕೇಳಬೇಕು. ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ? ಮನೋವೈದ್ಯರು ಬರುತ್ತಾರಾ? ಈಗಿನ ಮಾತ್ರೆ ಮುಂದುವರಿಸುತ್ತಾರಾ?

ನಡುವೆ ಮಾತ್ರೆ ತಪ್ಪಿದರೆ

* ಒಂದೆರಡು ದಿನ ತಪ್ಪಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನಿಜ ಹೇಳಬೇಕು, ಡೋಸ್ ಎಷ್ಟು ತಪ್ಪಿದೆ ಅಂತ ಮುಚ್ಚಿಡಬಾರದು.
* ಹಲವು ದಿನ ತಪ್ಪಿದ್ದರೆ ಹಳೇ ಡೋಸ್ ತಾವಾಗಿ ಶುರು ಮಾಡಬಾರದು. ವೈದ್ಯರು ಸಾಮಾನ್ಯವಾಗಿ ಸಣ್ಣ ಪ್ರಮಾಣದಿಂದ ಮತ್ತೆ ಏರಿಸುತ್ತಾರೆ.
* ನಡುವೆ ಹೆರಾಯಿನ್ ಅಥವಾ ನೋವಿನ ಮಾತ್ರೆ ತಗೊಂಡಿದ್ದರೆ ಆ ಕೂಡಲೇ ಬ್ಯುಪ್ರೆನಾರ್ಫಿನ್ ಇಟ್ಟುಕೊಳ್ಳಬಾರದು. ಅದರ ಪರಿಣಾಮ ಇಳಿಯುವ ಮೊದಲೇ ಇದನ್ನು ತಗೊಂಡರೆ ಮೈಕೈ ನೋವು, ವಾಂತಿ ಒಮ್ಮೆಲೇ ಜೋರಾಗುತ್ತೆ. ಎಷ್ಟು ಹೊತ್ತು ಕಾಯಬೇಕು ಅಂತ ವೈದ್ಯರೇ ಹೇಳಬೇಕು.
* ಮದ್ಯ, ನಿದ್ದೆ ಮಾತ್ರೆ, ಅಲ್‌ಪ್ರಜೋಲಮ್ ಥರದ ಮಾತ್ರೆ ಜೊತೆಗೆ ತಗೊಳ್ಳಲೇಬಾರದು. ಉಸಿರು ಕಟ್ಟಬಹುದು.
* ಗರ್ಭಿಣಿ ಇದ್ದರೆ ದಿಢೀರ್ ನಿಲ್ಲಿಸುವುದು ಇನ್ನೂ ಅಪಾಯ. ಅವರಿಗೆ ಮೊದಲ ಆದ್ಯತೆ ಕೊಡಬೇಕು.
* ಜೊತೆಗಿದ್ದವರ ಹತ್ತಿರ ಮಾತ್ರೆ ಸಾಲ ತಗೊಳ್ಳುವುದು, ಕೊಡುವುದು ಬೇಡ. ಚೀಟಿ ಇಲ್ಲದ ಮಾತ್ರೆ ಎನ್‌ಡಿಪಿಎಸ್ ಕೇಸ್‌ಗೆ ದಾರಿ.

ಓವರ್‌ಡೋಸ್ ಗುರುತು

ಕರೆದರೂ ಏಳುತ್ತಿಲ್ಲ, ಉಸಿರು ತುಂಬಾ ನಿಧಾನ ಅಥವಾ ಗೊರಗೊರ ಸದ್ದು, ತುಟಿ, ಉಗುರು ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ. ಹೀಗಿದ್ದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಒಂದು ಮಗ್ಗುಲಿಗೆ ಮಲಗಿಸಿ ಬಾಯಿ ಖಾಲಿ ಇದೆಯಾ ನೋಡಬೇಕು. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ನೀರು ಕುಡಿಸುವುದು, ಹೊಡೆದು ಎಬ್ಬಿಸುವುದು, ನಿದ್ದೆ ಮಾಡಲಿ ಅಂತ ಬಿಟ್ಟುಬಿಡುವುದು ಮಾಡಬಾರದು. ಇದಕ್ಕೆ ನಲೋಕ್ಸೋನ್ ಎಂಬ ಇಂಜೆಕ್ಷನ್ ಇದೆ, ಸರಿಯಾದ ಹೊತ್ತಿಗೆ ಕೊಟ್ಟರೆ ನಿಮಿಷಗಳಲ್ಲಿ ಉಸಿರು ವಾಪಸ್ ಬರುತ್ತೆ. ಏನು ತಗೊಂಡಿದ್ದಾನೆ ಎಂಬುದನ್ನು ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ವೈದ್ಯರಿಗೆ ಅದನ್ನು ಕೊಡಬೇಕು ಅಂತ ತಿಳಿಯುವುದು ತಡವಾಗುತ್ತೆ.

ಪೊಲೀಸ್ ಭಯ ಬೇಕಾ?

ಸರ್ಕಾರಿ ಆಸ್ಪತ್ರೆಗೆ ಹೋದರೆ ಕೇಸ್ ಆಗುತ್ತೆ ಎಂಬ ಹೆದರಿಕೆಯಿಂದಲೇ ಎಷ್ಟೋ ಜನ ಖಾಸಗಿ ಕ್ಲಿನಿಕ್ ಹುಡುಕುತ್ತಾರೆ. ಚಿಕಿತ್ಸೆ ಪಡೆಯುವುದು ಅಪರಾಧ ಅಲ್ಲ. ವ್ಯಸನಿಗಳ ಚಿಕಿತ್ಸೆಗೆ ಕೇಂದ್ರಗಳನ್ನು ತೆರೆಯಲು ಎನ್‌ಡಿಪಿಎಸ್ ಕಾಯ್ದೆಯ 71ನೇ ಸೆಕ್ಷನ್ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ, 64ಎ ಸೆಕ್ಷನ್ ಅಡಿ ವಿಚಾರಣೆಯಿಂದ ರಕ್ಷಣೆ ಕೇಳಬಹುದು. ಚಿಕಿತ್ಸೆ ಪೂರ್ತಿ ಮಾಡಬೇಕು ಎಂಬುದು ಷರತ್ತು. ಮಾತ್ರೆ ಮನೆಗೆ ಕೊಟ್ಟಿದ್ದರೆ ಪ್ರಯಾಣದಲ್ಲಿ ಚೀಟಿ ಜೊತೆಗಿರಲಿ, ಮಾತ್ರೆ ಸ್ಟ್ರಿಪ್‌ನಲ್ಲೇ ಇರಲಿ.

ಲಾಕ್‌ಡೌನ್ ತೋರಿಸಿದ ದಾರಿ

ಮನಸ್ಸು ಮಾಡಿದರೆ ವ್ಯವಸ್ಥೆ ಎಷ್ಟು ಬೇಗ ಬಾಗುತ್ತೆ ಎಂಬುದು 2020ರಲ್ಲಿ ಗೊತ್ತಾಯ್ತು. ಒಎಸ್‌ಟಿ ಕೇಂದ್ರಗಳಲ್ಲಿ ದಿನಾ ಸಿಬ್ಬಂದಿ ಎದುರೇ ಮಾತ್ರೆ ತಗೊಳ್ಳಬೇಕು ಎಂಬುದು ನಿಯಮ. ಕೊರೊನಾ ಲಾಕ್‌ಡೌನ್‌ನಲ್ಲಿ ಬಸ್ ಇಲ್ಲ, ರೈಲು ಇಲ್ಲ. ಆಗ ಕೆಲವು ದಿನಗಳ ಮಾತ್ರೆಯನ್ನು ಮನೆಗೇ ಕೊಡಲು ನ್ಯಾಕೊ ಅವಕಾಶ ಕೊಟ್ಟಿತು.

ಒಂದು ಕ್ಲಿನಿಕ್ ಮುಚ್ಚುವುದು ಅದರಷ್ಟು ದೊಡ್ಡ ಸಂಕಟ ಅಲ್ಲ. ಮುಚ್ಚುವ ಮುಂಚೆ ರೋಗಿಗಳಿಗೆ ತಿಳಿಸುವುದು, ಪ್ರತಿಯೊಬ್ಬರಿಗೂ ಪತ್ರ ಕೊಡುವುದು, ಹೊಸ ಕಡೆ ದಿನ ಗೊತ್ತು ಮಾಡುವುದು, ಅಲ್ಲಿಯವರೆಗೆ ಸಾಲುವಷ್ಟು ಮಾತ್ರೆ ಕೊಡುವುದು, ತಲುಪಿದರಾ ಅಂತ ಒಂದು ಫೋನ್ ಮಾಡುವುದು. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನ ಬೇಡ. ಮುಚ್ಚುವ ವೈದ್ಯರು, ಡಿಎಚ್‌ಒ ಕಚೇರಿ, ಜಿಲ್ಲಾಸ್ಪತ್ರೆ ಮೂವರೂ ಒಂದು ದಿನ ಕೂತು ಮಾತಾಡಿದರೆ ಆಗುವ ಕೆಲಸ.

ರೋಗಿ, ಮನೆಯವರು ಮಾಡಬೇಕಾದ್ದು ಇಷ್ಟೇ. ಕೊನೆಯ ಮಾತ್ರೆ ಮುಗಿಯುವ ತನಕ ಕಾಯಬಾರದು. ಸ್ಟ್ರಿಪ್‌ನಲ್ಲಿ ಇನ್ನೂ ನಾಲ್ಕು ಮಾತ್ರೆ ಇರುವಾಗಲೇ ಫೋನ್ ಎತ್ತಬೇಕು.